ನನ್ನ ಹೆಸರಿನಲ್ಲಿ ಇನ್ನೊಬ್ಬ ತಾಯಿ

ನಮ್ಮ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾದ ಬೇಸಿಗೆಯಲ್ಲಿ, ಬುಕ್ಕಸಾಗರದಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಜನ ಬತ್ತದ ಮಾತು ಬಿಟ್ಟು ಕಾಲೇಜಿನ ಮಾತು ಹಿಡಿದಿದ್ದರು. ಯಾರ ಮಗ ಯಾವ ಹಾಸ್ಟೆಲಿನಲ್ಲಿದ್ದಾನೆ, ಎಲ್ಲಿ ಬೆಳಗ್ಗೆ ಐದಕ್ಕೇ ಎಬ್ಬಿಸಿ ಓದಿಸುತ್ತಾರೆ, ಎಲ್ಲಿ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾರೆ ಎನ್ನುವುದೇ ಸುದ್ದಿ. ಕಮಲಾಪುರ ದಾಟಿದ ಮೇಲೆ ಬಸ್ಸು ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಕೆಂಪು ಧೂಳು ಸೆರಗಿನ ಮೇಲೆ ಕೂರುತ್ತಿತ್ತು. ಆ ಧೂಳು ಜಾಡಿಸುತ್ತಲೇ ಜನ ನನ್ನನ್ನು ಕೇಳುತ್ತಿದ್ದರು: "ನಿಮ್ ಹುಡುಗಿನ್ನ ಎಲ್ಲಿ ಹಾಕ್ತೀರಿ?"

ನನ್ನ ಮನಸ್ಸಿನಲ್ಲಿ ಇದ್ದದ್ದು ಹೊಸಪೇಟೆಯ ಹೆಣ್ಣುಮಕ್ಕಳ ಕಾಲೇಜು. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ಆಮೇಲೆ ಬಿ.ಎಸ್ಸಿ., ಬಿ.ಎಡ್. ಮಾಡಿ ಕಮಲಾಪುರದಲ್ಲೋ ಕಂಪ್ಲಿಯಲ್ಲೋ ಟೀಚರ್ ಆದರೆ ಸಾಕು ಅಂದುಕೊಂಡಿದ್ದೆ. ನಾನೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು. ಮದುವೆಯಾಗದಿದ್ದರೆ ಅದೇ ಆಗುತ್ತಿದ್ದೆ. ನಮ್ಮ ಮನೆಯವರಿಗೆ ಬಾಳೆತೋಟ ಮತ್ತು ಗದ್ದೆ ಬಿಟ್ಟರೆ ಬೇರೆ ಯಾವುದರಲ್ಲೂ ಅಭಿಪ್ರಾಯ ಇರಲಿಲ್ಲ. ಕೇಳಿದರೆ "ಅಕಿ ಎಲ್ಲಿ ಓದ್ತೀನಂತಾಳ ಅಲ್ಲಿ" ಎಂದು ಹೇಳಿ ನೀರು ಬಿಡಲು ಹೋಗುತ್ತಿದ್ದರು.

ಅಭಿಪ್ರಾಯ ಇದ್ದದ್ದು ನನ್ನ ಮೈದುನನಿಗೆ. ಅವನು ಬಿ.ಕಾಂ. ಮುಗಿಸಿ, ಮೊದಲೇ ಹಳ್ಳಿ ಬಿಟ್ಟು ಹೊಸಪೇಟೆ ಸೇರಿ ಅದಿರಿನ ಲಾರಿಗಳ ಟ್ರಾನ್ಸ್‌ಪೋರ್ಟ್ ಆಫೀಸು ತೆರೆದಿದ್ದ. ಊರಲ್ಲಿ ಸೈಕಲ್ ಹೊಡೆಯುತ್ತಿದ್ದವನು ಈಗ ಎರಡು ಫೋನು ಇಟ್ಟುಕೊಂಡು ಎರಡರಲ್ಲೂ ಒಟ್ಟಿಗೇ ಮಾತಾಡುತ್ತಿದ್ದ. ಅವನ ಹೆಂಡತಿ, ನನ್ನ ನೆಗೆಣ್ಣಿ, ಧಾರವಾಡದಲ್ಲಿ ಓದಿದ ಡಿಗ್ರಿ ಹುಡುಗಿ. ಇಂಗ್ಲಿಷ್ ಬರುತ್ತಿತ್ತು, ಕಂಪ್ಯೂಟರ್ ಬರುತ್ತಿತ್ತು, ಆಫೀಸಿನ ಲೆಕ್ಕವನ್ನೆಲ್ಲ ಅವಳೇ ನೋಡುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಎರಡು ಸಲ ಬಸಿರಾಗಿ ಕೂಸು ಉಳಿದಿರಲಿಲ್ಲ. ಎರಡನೆಯ ಸಲ ಅವಳು ಬಾಣಂತಿಯ ಹಾಗೆ ನಮ್ಮ ಮನೆಯಲ್ಲೇ ಮಲಗಿದ್ದಳು. ಮೈಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ನಾನು. ಎದೆಯಲ್ಲಿ ಹಾಲು ಬಂದು ಅವಳು ಅಳುತ್ತಿದ್ದಾಗ ಬಟ್ಟೆ ಬಿಗಿದು ಕಟ್ಟಿದವಳೂ ನಾನೇ.

ಸಂಡೂರಿನ ರಸ್ತೆಯಲ್ಲಿ ಆಗಷ್ಟೇ ಒಂದು ವಸತಿ ಪಿಯು ಕಾಲೇಜು ಶುರುವಾಗಿತ್ತು. ಅದರ ಬಣ್ಣದ ಕರಪತ್ರವನ್ನು ಮೈದುನ ತಂದು ನಮ್ಮ ಪಡಸಾಲೆಯಲ್ಲಿ ಬಿಚ್ಚಿದ. ಹುಡುಗಿಯರು ಸಾಲಾಗಿ ಕಂಪ್ಯೂಟರ್ ಮುಂದೆ ಕೂತ ಚಿತ್ರವಿತ್ತು. ಮಗಳು ಅದನ್ನು ನೋಡಿ ಕೆಳಗಿಡಲಿಲ್ಲ.

"ವಾರಾ ವಾರಾ ಮಾರ್ಕ್ಸು ಇ-ಮೇಲ್‌ಗೆ ಬರ್ತಾವಂತ," ಎಂದ ಮೈದುನ. "ಆದ್ರ ಒಂದೈತಿ ವೈನಿ. ತಂದಿ ತಾಯಿ ಇಬ್ರಿಗೂ ಇಂಟರ್‌ವ್ಯೂ ಮಾಡ್ತಾರ. ಇಬ್ರೂ ಡಿಗ್ರಿ ಆಗಿರಬೇಕು, ಇಂಗ್ಲೀಷಿನ್ಯಾಗ ಮಾತಾಡಬೇಕು. ಮನ್ಯಾಗ ಕೇಳೋರಿಲ್ಲದ ಮಕ್ಕಳು ಅವ್ರಿಗೆ ಬ್ಯಾಡಂತ."

"ಹಂಗಾರ ನಮ್ಗೂ ಆ ಕಾಲೇಜು ಬ್ಯಾಡ," ಎಂದೆ.

ನೆಗೆಣ್ಣಿ ಸೋಫಾದ ತುದಿಗೆ ಸರಿದು ಕೂತಳು. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ನಾವಿಬ್ರು ಹೋಗಿ ಕುಂದರ್ತೀವಿ. ಮನಿತನದ ಹೆಸರು ಒಂದೇ. ಭಾವನ ಹೆಸರು ಇವ್ರು ಹೇಳ್ತಾರ, ನಿಮ್ ಹೆಸರು ನಾ ಹೇಳ್ತೀನಿ. ಯಾರ ನೋಡಾಕ ಬರ್ತಾರ?"

ನಾನು ಮಗಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. "ಅವ್ವ, ಎರಡ ವರ್ಷ," ಎಂದಳು ಕರಪತ್ರಕ್ಕೆ ಹೇಳುವಂತೆ. "ಆಮ್ಯಾಲ ಯಾರೂ ಕೇಳಂಗಿಲ್ಲ."

ಹದಿನಾರರ ಹುಡುಗಿ ತನ್ನ ತಾಯಿಯನ್ನು ಎರಡು ವರ್ಷದ ಮಟ್ಟಿಗೆ ಬದಿಗಿಡುವುದನ್ನು ಅಷ್ಟು ಸಲೀಸಾಗಿ ಹೇಳಬಹುದು ಎಂದು ನನಗೆ ಅಂದು ಗೊತ್ತಾಯಿತು. ನಮ್ಮ ಮನೆಯವರು ಎದ್ದು ತೋಟಕ್ಕೆ ಹೋದರು. ಅದೇ ಒಪ್ಪಿಗೆಯಾಯಿತು.

ಇಂಟರ್‌ವ್ಯೂ ದಿನ ನಾನೂ ಹೋದೆ. ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ. ಕಾರಿನಲ್ಲಿ ಹಿಂದೆ ಒಂದು ಸೀಟಿತ್ತು, ಕೂತೆ. ನೆಗೆಣ್ಣಿ ಇಳಕಲ್ ಸೀರೆ ಬಿಟ್ಟು ತೆಳ್ಳಗಿನ ಒಂದು ಹತ್ತಿ ಸೀರೆ ಉಟ್ಟಿದ್ದಳು. ಓದಿದ ತಾಯಂದಿರು ಹಾಗೆ ಉಡುತ್ತಾರಂತೆ. ಕಾಲೇಜಿನ ಒಳಗೆ ಹೋದ ಕೂಡಲೇ ತನ್ನ ಕೈಚೀಲವನ್ನು ನನ್ನ ಕೈಗೆ ಕೊಟ್ಟಳು. ನೀರಿನ ಬಾಟಲಿ ಮೊದಲೇ ನನ್ನ ಹತ್ತಿರ ಇತ್ತು. ನಾನು ವರಾಂಡದ ಕಂಬಕ್ಕೆ ಒರಗಿ ನಿಂತೆ.

ಒಳಗಿನ ಇಂಗ್ಲಿಷು ಕಿಟಕಿಯಿಂದ ಕೇಳುತ್ತಿತ್ತು. ನನ್ನ ಹೆಸರನ್ನು ನೆಗೆಣ್ಣಿ ಎರಡು ಸಲ ಹೇಳಿದಳು. ನನ್ನ ಅಜ್ಜಿಯ ಹೆಸರು ಅದು, ನಮ್ಮ ಕಡೆ ಮನೆಮನೆಗೂ ಇರುವ ಹೆಸರು. ಅವಳ ಬಾಯಿಂದ ಬಂದಾಗ ಪೇಟೆಯ ಹೆಸರಿನ ಹಾಗೆ ಕೇಳಿಸಿತು. ಅರ್ಧ ಗಂಟೆಯ ಮೇಲೆ ಪ್ರಿನ್ಸಿಪಾಲರೇ ಅವರನ್ನು ಬಾಗಿಲವರೆಗೆ ಕಳಿಸಲು ಬಂದರು. ಆಂಧ್ರದ ಕಡೆಯವರು, ನಗುಮುಖದವರು. ನನ್ನನ್ನು ನೋಡಿ, "ಈಯಮ್ಮ ಯಾರು?" ಎಂದು ಕೇಳಿದರು.

ಮೈದುನ ಫೋನು ತೆಗೆದ. ಮಗಳು ತನ್ನ ಹೊಸ ಚಪ್ಪಲಿ ನೋಡಿಕೊಂಡಳು. ನೆಗೆಣ್ಣಿ ಮಾತ್ರ ತಡವರಿಸಲಿಲ್ಲ.

"ನಮ್ಮನಿ ಕೆಲಸದಾಕಿ ಸರ್. ಹುಡುಗಿ ಹುಟ್ಟಿದಾಗಿಂದ ಇವ್ಳ ನೋಡ್ಕಂಡಾಳ."

"ಮಂಚಿದಿ, ಒಳ್ಳೇದು," ಎಂದರು ಅವರು. ನಾನು ಕೈ ಮುಗಿದೆ. ಕೆಲಸದವರು ಮುಗಿಯುತ್ತಾರಲ್ಲ, ಹಾಗೆ.

ಪಕ್ಕದ ಕೋಣೆಯಲ್ಲಿ ಒಬ್ಬ ಗುಮಾಸ್ತ ಕಂಪ್ಯೂಟರ್ ಮೇಲೆ ಕೂರಿಸಿದ ಸಣ್ಣ ಕ್ಯಾಮೆರಾದಿಂದ ಮೈದುನನದೂ ನೆಗೆಣ್ಣಿಯದೂ ಫೋಟೊ ತೆಗೆದ. ಅಲ್ಲೇ ಯಂತ್ರದಿಂದ ಎರಡು ಕಾರ್ಡು ಬಂದವು. ಭೇಟಿಯ ಭಾನುವಾರ ಆ ಕಾರ್ಡು ತೋರಿಸಿದವರಿಗೆ ಮಾತ್ರ ಮಕ್ಕಳನ್ನು ನೋಡಲು ಬಿಡುತ್ತಾರಂತೆ. ನೆಗೆಣ್ಣಿ ಕಾರ್ಡನ್ನು ಬಿಸಿಲಿಗೆ ಹಿಡಿದು ಮೆಚ್ಚಿಕೊಂಡು ನೋಡಿದಳು. ಅವಳ ಮುಖದ ಕೆಳಗೆ ನನ್ನ ಹೆಸರಿತ್ತು.

ಆ ಎರಡು ವರ್ಷ ನಾನು ಮಗಳನ್ನು ನೋಡಿದ್ದು ನೆಗೆಣ್ಣಿಗೆ ಮನಸ್ಸಿದ್ದಾಗ. ಅವಳು ಕರೆದುಕೊಂಡು ಹೋದರೆ ಕಾರ್ಡಿನ ಜೊತೆ ಬಂದ ಕೆಲಸದವಳೆಂದು ಗೇಟಿನವನು ಒಳಗೆ ಬಿಡುತ್ತಿದ್ದ. ಬೆಳಗ್ಗೆ ಮೂರೂವರೆಗೆ ಎದ್ದು ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ ಮಾಡಿ, ಮೊದಲ ಬಸ್ಸಿಗೆ ಹೊಸಪೇಟೆಗೆ ಹೋಗಿ, ಅವಳ ಮನೆಯ ಮುಂದೆ ಅವಳು ತಯಾರಾಗುವವರೆಗೆ ಕಾಯುತ್ತಿದ್ದೆ. ಒಂದು ಸಲ ಬಾಗಿಲು ತೆಗೆದು, "ಇವತ್ತು ನನ್ಗ ತಲಿನೋವು, ಮುಂದಿನ ತಿಂಗ್ಳು ಹೋಗೋಣ್ರಿ ಅಕ್ಕ" ಎಂದಳು. ಹೋಳಿಗೆಯನ್ನು ಅವಳ ಮನೆಯ ಅಡುಗೆಮನೆಯಲ್ಲಿಟ್ಟು ಬಂದೆ.

ಕಾಲೇಜಿನ ಅಂಗಳದಲ್ಲಿ ಬೇವಿನ ಗಿಡಗಳಿದ್ದವು. ಅವುಗಳ ಕೆಳಗೆ ತಂದೆತಾಯಿ ಮಕ್ಕಳ ಜೊತೆ ಕೂರುತ್ತಿದ್ದರು. ಡ್ರೈವರುಗಳೂ ಕೆಲಸದವರೂ ಕಾಂಪೌಂಡಿನ ಗೋಡೆಯ ಹತ್ತಿರ ಇರುತ್ತಿದ್ದರು. ನಾನು ಡಬ್ಬಿ ಬಿಚ್ಚಿ ಬಡಿಸಿ ಗೋಡೆಯ ಕಡೆ ಹೋಗುತ್ತಿದ್ದೆ. ಅಲ್ಲಿಂದ ಮಗಳು ನೆಗೆಣ್ಣಿಯನ್ನು "ಮಮ್ಮಿ" ಎನ್ನುವುದು ಕೇಳಿಸುತ್ತಿತ್ತು. ಮೊದಲ ತಿಂಗಳು ಆ ಮಾತು ಅವಳ ಗಂಟಲಲ್ಲಿ ಸಿಕ್ಕಿ ಬರುತ್ತಿತ್ತು. ದೀಪಾವಳಿ ಹೊತ್ತಿಗೆ ಸಲೀಸಾಯಿತು.

ಒಂದು ಭಾನುವಾರ ಅವಳ ಕೋಣೆಯ ಇಬ್ಬರು ಗೆಳತಿಯರು ನಮ್ಮ ಡಬ್ಬಿಗೆ ಕೈಹಾಕಿ ಎಣಗಾಯಿ ತಿಂದು ಬಾಯಿ ಚಪ್ಪರಿಸಿದರು. ಒಬ್ಬಳು, "ನಿಮ್ಮ ಆಯಾ ಸೂಪರ್ ಮಾಡ್ತಾರೆ" ಎಂದಳು. ಮಗಳು ನನ್ನ ಕಡೆ ತಿರುಗಿದಳು. ನಗುತ್ತಾಳೇನೋ, ಕಣ್ಣಲ್ಲಾದರೂ ಏನೋ ಹೇಳುತ್ತಾಳೇನೋ ಅಂದುಕೊಂಡೆ.

"ಆಯಾ, ಮುಂದಿನ ಸಲ ಖಾರ ಕಮ್ಮಿ ಹಾಕು," ಎಂದಳು.

ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಸುಮ್ಮನಿದ್ದರೂ ನಡೆಯುತ್ತಿತ್ತು. ನಾನು "ಆತವ್ವ" ಎಂದೆ. ಮುಂದಿನ ಸಲ ಖಾರ ಎರಡರಷ್ಟು ಹಾಕಿದೆ. ಅವಳು ನೀರು ಕುಡಿಯುತ್ತ, ಕಣ್ಣೀರು ಒರೆಸುತ್ತ ಪೂರ್ತಿ ತಿಂದಳು. ಅವಳು ನನ್ನ ಮಗಳೇ ಎನ್ನುವುದರಲ್ಲಿ ನನಗೆ ಆ ದಿನ ಅನುಮಾನ ಉಳಿಯಲಿಲ್ಲ.

ಇ-ಮೇಲ್ ಬರುತ್ತಿದ್ದದ್ದು ಟ್ರಾನ್ಸ್‌ಪೋರ್ಟ್ ಆಫೀಸಿಗೆ. ನಾನು ಹೊಸಪೇಟೆಗೆ ಸಂತೆಗೆ ಹೋದಾಗ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ನೆಗೆಣ್ಣಿ ಕಂಪ್ಯೂಟರ್ ತೆರೆದು ಓದಿಕೊಂಡು, "ಫಿಸಿಕ್ಸು ಸ್ವಲ್ಪ ಕಮ್ಮಿ ಐತಿ. ಉಳಿದಿದ್ದು ಚಲೋ ಮಾಡ್ಯಾಳ" ಎನ್ನುತ್ತಿದ್ದಳು. ಪರದೆಯ ಮೇಲೆ ಒಂದು ಪುಟದಷ್ಟು ಇಂಗ್ಲಿಷ್ ಇರುತ್ತಿತ್ತು; ನನಗೆ ಸಿಗುತ್ತಿದ್ದದ್ದು ಎರಡು ವಾಕ್ಯ. ಅಕ್ಷರ ಕೂಡಿಸಿ ಓದಲು ನನಗೂ ಬರುತ್ತಿತ್ತು. ಮೊದಲ ಸಾಲಿನಲ್ಲಿ ನನ್ನ ಹೆಸರು ಇರುವುದು ಕಾಣುತ್ತಿತ್ತು. ಅಲ್ಲಿಂದ ಮುಂದಕ್ಕೆ ಕಣ್ಣು ಹೋಗುವಷ್ಟರಲ್ಲಿ ಅವಳು ಅದನ್ನು ಮುಚ್ಚಿಬಿಡುತ್ತಿದ್ದಳು. ಆಮೇಲೆ ಟಕಟಕ ಎಂದು ಉತ್ತರ ಬರೆಯುತ್ತಿದ್ದಳು, ಕೆಳಗೆ ನನ್ನ ಹೆಸರು ಹಾಕಿ.

"ಏನ್ ಬರದಿ?" ಎಂದು ಕೇಳಿದರೆ, "ಥ್ಯಾಂಕ್ಸ್ ಅಂತ ಬರದ್ನಿ ಅಕ್ಕ" ಎನ್ನುತ್ತಿದ್ದಳು. ಒಂದು ಥ್ಯಾಂಕ್ಸಿಗೆ ಅಷ್ಟು ಹೊತ್ತು ಬೆರಳು ಆಡುವುದಿಲ್ಲ ಎಂದು ನನಗೂ ಗೊತ್ತಿತ್ತು.

ಮೊದಲ ವರ್ಷ ಮುಗಿದು ಎರಡನೆಯದು ಶುರುವಾದ ಮಳೆಗಾಲ. ಪರೀಕ್ಷೆಯೆಂದು ಭೇಟಿ ಇಲ್ಲ ಎಂದು ನೆಗೆಣ್ಣಿ ಒಂದು ತಿಂಗಳು ಹೇಳಿದಳು. ಮುಂದಿನ ತಿಂಗಳೂ ಅದನ್ನೇ ಹೇಳಿದಳು. ಮಹಾನವಮಿಗೆ ಮಗಳು ಊರಿಗೆ ಬಂದಳು. ಕಾರಿನಿಂದ ಇಳಿದವಳನ್ನು ನೋಡಿ ನಾನು ಯಾರೋ ಹುಡುಗ ಅಂದುಕೊಂಡೆ. ಸೊಂಟದವರೆಗೆ ಇದ್ದ ಕೂದಲು ಕಿವಿಯ ಮೇಲಕ್ಕೆ ಬಂದಿತ್ತು. ಕೊರಳಿನ ಎಲುಬು ಕಾಣುತ್ತಿತ್ತು. ನಾನು ಹುಟ್ಟಿನಿಂದ ಹರಳೆಣ್ಣೆ ಹಚ್ಚಿ ಬೆಳೆಸಿದ ಕೂದಲು ಅದು.

"ಟೈಫಾಯ್ಡ್ ಆಗಿತ್ತು ಅಕ್ಕ," ಎಂದಳು ನೆಗೆಣ್ಣಿ, ಚಪ್ಪಲಿ ಬಿಡುತ್ತ. "ಕಾಲೇಜಿಂದ ನಮಗ ಮೇಲ್ ಬಂತು. ನಮ್ಮನ್ಯಾಗ ಇಟ್ಕಂಡು ನೋಡಿದ್ವಿ. ಈಗ ಆರಾಮದಾಳ. ಕೂದ್ಲಾ ಉದುರಾಕ ಹತ್ತಿತ್ತು, ಕಟ್ ಮಾಡಿಸಿದ್ನಿ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಓಡಿ ಬರ್ತಿದ್ರಿ. ಅಲ್ಲಿಯ ಮೇಡಂ ದಿನಾ ನೋಡಾಕ ಬರ್ತಿದ್ಲು. ಆಕಿ ಮುಂದ ನೀವು ನನ ಮಗಳ ನನ ಮಗಳ ಅಂತ ಅತ್ರ ಏನ್ ಹೇಳಬೇಕಿತ್ತು?"

ನಾನು ಮಗಳನ್ನು ನೋಡಿದೆ. ಅವಳು ಆಗ ಹೇಳಿದ್ದು ಯಾರದೋ ಮನೆಯ ಜಗಳದ ನಡುವೆ ಯಾರೋ ಮೂರನೆಯವರು ಹೇಳಿದಂತಿತ್ತು: "ಚಿಕ್ಕಮ್ಮಂದೇನೂ ತಪ್ಪಿಲ್ಲ. ನಾನ ಹೇಳಬ್ಯಾಡ ಅಂದಿದ್ದೆ."

ನನ್ನ ಉತ್ತರವನ್ನು ಊಟದ ಹೊತ್ತಿಗೆ ಹೇಳಿದೆ. ಹಬ್ಬವಾದ್ದರಿಂದ ಕಂಪ್ಲಿಯಿಂದ ನಾದಿನಿ ಮತ್ತು ಅವಳ ಗಂಡ ಬಂದಿದ್ದರು, ಮಠದ ಅಯ್ಯನವರು ಆಗಷ್ಟೇ ಪ್ರಸಾದ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದರು. ನೆಗೆಣ್ಣಿ ಮಗಳ ಪಕ್ಕದಲ್ಲಿ ಕೂತು ಅವಳ ಎಲೆಯಲ್ಲಿನ ಹೋಳಿಗೆಗೆ ತುಪ್ಪ ಹಾಕುತ್ತಿದ್ದಳು. "ಜಾಸ್ತಿ ತಿನ್ನಬ್ಯಾಡ, ಡಾಕ್ಟ್ರು ಹೇಳ್ಯಾರ" ಎಂದು ನನ್ನ ಮನೆಯಲ್ಲಿ, ನಾನು ಬಡಿಸಿದ ಎಲೆಗೆ ಹೇಳುತ್ತಿದ್ದಳು.

"ತಂಗಿ," ಎಂದೆ. "ಎರಡು ಸಲ ನಿನ್ನ ಹೊಟ್ಟಿಗೆ ಬಂದ ಕೂಸು ನಿಲ್ಲಲಿಲ್ಲ. ಯಾಕ ನಿಲ್ಲಲಿಲ್ಲ ಅಂತ ಈಗ ಗೊತ್ತಾತು. ನಿನ್ನ ಕೈಯಾಗ ಉಳಿಯಂಗಿಲ್ಲ ಅಂತ ಅವಕ್ಕೂ ತಿಳದಿತ್ತು. ಬಂಜಿ ಕೈಗೆ ಕತ್ರಿ ಕೊಟ್ರ ಮಂದಿ ಮಕ್ಕಳ ಕೂದ್ಲಾ ಕತ್ತರಿಸ್ತಾಳ, ಮತ್ತೇನು ಮಾಡ್ತಾಳ?"

ಅವಳ ಕೈಯಲ್ಲಿನ ತುಪ್ಪದ ಸೌಟು ಎಲೆಯ ಮೇಲೆ ಹಾಗೇ ನಿಂತಿತ್ತು, ತುಪ್ಪ ಸೋರಿ ನೆಲಕ್ಕೆ ಹೋಯಿತು. ಅವಳು ಅಳಲಿಲ್ಲ. ನನ್ನನ್ನು ನೋಡಿದ ನೋಟ ಮಾತ್ರ, ಅಂದು ಎದೆಗೆ ಬಟ್ಟೆ ಕಟ್ಟುವಾಗ ನೋಡಿದ್ದಳಲ್ಲ, ಅದೇ ನೋಟವಾಗಿತ್ತು. ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದಳು. ಮೈದುನ ಹಿಂದೆ ಹೋದ. ನಮ್ಮ ಮನೆಯವರು, "ನಿನ್ನ ಬಾಯಿಗೆ ಹುಳ ಬೀಳ್ಲಿ" ಎಂದರು. ಮದುವೆಯಾದಾಗಿನಿಂದ ಅವರು ನನಗೆ ಬೈದದ್ದು ಅದೊಂದೇ ಸಲ.

ಮಗಳು ತನ್ನ ಎಲೆಯಲ್ಲಿದ್ದದ್ದನ್ನು ಪೂರ್ತಿ ಊಟ ಮಾಡಿ, ಎಲೆ ಎತ್ತಿ, ಕೈತೊಳೆದು, ಬ್ಯಾಗು ತೆಗೆದುಕೊಂಡು ಕಾರಿನ ಕಡೆ ನಡೆದಳು.

ಆ ಮಾತಿಗೆ ನಾನು ಪಶ್ಚಾತ್ತಾಪ ಪಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಪಟ್ಟಿಲ್ಲ. ಆ ಹೊತ್ತಿಗೆ ನನ್ನ ಹತ್ತಿರ ಉಳಿದಿದ್ದ ಆಸ್ತಿ ಅದೊಂದೇ ಮಾತು. ಅದನ್ನೂ ಖರ್ಚು ಮಾಡಿದೆ.

ಅಲ್ಲಿಗೆ ಭೇಟಿಯ ಭಾನುವಾರಗಳು ಮುಗಿದವು. ಕಾರ್ಡು ಅವಳ ಹತ್ತಿರ, ಇ-ಮೇಲ್ ಅವಳ ಹತ್ತಿರ. ಒಂದು ಸಲ ಒಬ್ಬಳೇ ಬಸ್ಸು ಹತ್ತಿ ಕಾಲೇಜಿಗೆ ಹೋದೆ. ಗೇಟಿನವನಿಗೆ ನನ್ನ ಗುರುತು ಸಿಕ್ಕಿತು. "ಇವತ್ತು ಅಮ್ಮಾರು ಬಂದಿಲ್ಲೇನು?" ಎಂದ. ನಾನೇ ಅಮ್ಮ ಎಂದೆ. ಅವನಿಗೆ ಅದು ತಮಾಷೆಯಾಗಿ ಕೇಳಿಸಿರಬೇಕು, ನಗುತ್ತ ರಿಜಿಸ್ಟರ್ ತೆರೆದು ನನ್ನ ಹೆಸರು ಕೇಳಿದ. ಹೇಳಿದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿ, ಪರದೆ ನೋಡಿ, ನನ್ನ ಮುಖ ನೋಡಿ, ನಗು ನಿಲ್ಲಿಸಿದ. "ಇದು ನೀವಲ್ಲ. ಹೋಗ್ರಿ ಸುಮ್ನ, ಇಲ್ಲಾಂದ್ರ ಆಫೀಸಿಗೆ ಹೇಳಬೇಕಾಕ್ಕೈತಿ." ಆಫೀಸಿಗೆ ಹೇಳಿದರೆ ಮಗಳು ಹೊರಗೆ ಬೀಳುತ್ತಾಳೆ. ಒಂದು ಕ್ಷಣ ಹೇಳಲಿ ಎಂದೇ ನಿಂತಿದ್ದೆ. ಎದುರಿನ ರಸ್ತೆಯಲ್ಲಿ ಲಾರಿಗಳು ನಿಂತು ನಿಂತು ಸಾಗುತ್ತಿದ್ದವು. ಆಮೇಲೆ ಡಬ್ಬಿಯನ್ನು ಗೇಟಿನವನಿಗೇ ಕೊಟ್ಟು, ನೀನೇ ತಿನ್ನಪ್ಪ ಎಂದು ಹೇಳಿ ಬಂದೆ.

ಪರೀಕ್ಷೆ ಮುಗಿದ ಮೇಲೂ ಮಗಳು ನೆಗೆಣ್ಣಿಯ ಮನೆಯಲ್ಲೇ ಉಳಿದಳು. ಸಿಇಟಿ ರ್‍ಯಾಂಕ್ ಬಂದಾಗ ಕಂಪ್ಲಿಯ ನಾದಿನಿ ಫೋನ್ ಮಾಡಿ ಹೇಳಿದಳು. ಎಂಜಿನಿಯರಿಂಗ್ ಸೀಟು ಸಿಗುವ ರ್‍ಯಾಂಕ್. ಹುಡುಗಿಗೆ ಬುದ್ಧಿ ಇತ್ತು, ಆ ಕಾಲೇಜು ಅದನ್ನು ತಿದ್ದಿತ್ತು, ಅಷ್ಟು ಒಪ್ಪುತ್ತೇನೆ. ಯಾವ ಕಾಲೇಜು ಎನ್ನುವ ಮಾತು ಮತ್ತೆ ಶುರುವಾಯಿತು, ಈ ಸಲ ಎರಡು ಮನೆಗಳ ನಡುವೆ, ನಮ್ಮ ಮನೆಯವರ ಮೂಲಕ. ನೆಗೆಣ್ಣಿ ಹೇಳಿ ಕಳಿಸಿದಳು: ಬಳ್ಳಾರಿಯಲ್ಲಿ ತೆಗೆದುಕೊಳ್ಳಲಿ, ನಮ್ಮ ಮನೆಯಿಂದ ಕಾರಿನಲ್ಲಿ ಓಡಾಡಲಿ, ಕಂಪ್ಯೂಟರ್ ಸೈನ್ಸಿಗೆ ಬೇಕಾದ ಮಿಷಿನ್ ಅವಳ ಕೋಣೆಯಲ್ಲೇ ಹಾಕಿಸಿದ್ದೇನೆ. ನಾನು ಹೇಳಿ ಕಳಿಸಿದೆ: ಎಂಜಿನಿಯರಿಂಗೇ ಬೇಡ, ಹೊಸಪೇಟೆಯಲ್ಲಿ ಬಿ.ಎಸ್ಸಿ. ಮಾಡಲಿ, ಊರಿಂದ ಬಸ್ಸಿನಲ್ಲಿ ಓಡಾಡಲಿ. ಒಂದು ಸೀಟನ್ನು ಕೈಬಿಡಿಸಿಯಾದರೂ ಅವಳನ್ನು ಸಂಜೆ ಮನೆಗೆ ತರಬೇಕೆಂಬ ಹಟ ನನ್ನದು. ಅವಳಿಗೆ ಏನು ಓದಬೇಕಿದೆ ಎಂದು ನಾವಿಬ್ಬರೂ ಕೇಳಲಿಲ್ಲ.

ಬೆಂಗಳೂರಿನ ಕೌನ್ಸೆಲಿಂಗಿಗೆ ನಾಲ್ವರು ಹೋದೆವು. ಒಂದೇ ರೈಲು, ಒಂದೇ ಬೋಗಿ. ನಾನು ಒಂದು ತುದಿ, ನೆಗೆಣ್ಣಿ ಇನ್ನೊಂದು ತುದಿ. ಅಲ್ಲಿ ದೊಡ್ಡ ಹಾಲಿನಲ್ಲಿ ಗೋಡೆಯ ಎತ್ತರಕ್ಕೆ ಪರದೆ ಹಾಕಿದ್ದರು. ಎಲ್ಲ ಕಾಲೇಜುಗಳ ಹೆಸರು, ಪಕ್ಕದಲ್ಲಿ ಉಳಿದ ಸೀಟು. ನೋಡುತ್ತಿದ್ದ ಹಾಗೇ ಅಂಕಿ ಇಳಿಯುತ್ತಿತ್ತು. ಒಂದು ಅಂಕಿ ಇಳಿದಾಗಲೆಲ್ಲ ಹಾಲಿನಲ್ಲಿ ಯಾರೋ ತಂದೆಯೊಬ್ಬ ಹಣೆ ಒತ್ತಿಕೊಳ್ಳುತ್ತಿದ್ದ. ಮಂದಿ ಮಕ್ಕಳು ಮುಂದೆ ಹೋದಂತೆ ನಮ್ಮವರ ದಾರಿ ಕಿರಿದಾಗುವುದನ್ನು ಅಷ್ಟು ಸ್ಪಷ್ಟವಾಗಿ ನಾನು ಮತ್ತೆಲ್ಲೂ ನೋಡಿಲ್ಲ.

ಕುರ್ಚಿ ಸಿಗದೆ ನಾನೂ ನೆಗೆಣ್ಣಿಯೂ ಒಂದೇ ಬೆಂಚಿನಲ್ಲಿ ಕೂರಬೇಕಾಯಿತು. ನಡುವೆ ಬ್ಯಾಗಿಟ್ಟೆವು. ಬಳ್ಳಾರಿಯ ಸಾಲು ಬಂದಾಗ ಅವಳು ಮರೆತು, "ಅಕ್ಕಾ, ನೋಡ್ರಿ, ಇನ್ನೂ ನಾಕು ಅದಾವ" ಎಂದಳು. ನಾನೂ ಮರೆತು, "ಯಾವ್ದು, ಮ್ಯಾಲಿಂದಾ?" ಎಂದು ಕೇಳಿದೆ. "ಅಲ್ಲ, ಕೆಳಗಿಂದು" ಎಂದು ಬೆರಳು ತೋರಿಸಿದಳು. ಆಮೇಲೆ ಇಬ್ಬರಿಗೂ ನೆನಪಾಯಿತು. ಅವಳು ಬೆರಳು ಮಡಚಿಕೊಂಡಳು.

ಮಗಳ ಸರದಿ ಬಂತು. ಅಭ್ಯರ್ಥಿಯ ಜೊತೆ ಒಬ್ಬರೇ ಒಳಗೆ ಹೋಗಬೇಕೆಂದು ಬಾಗಿಲಿನವರು ಹೇಳಿದರು. ನಾನೂ ಎದ್ದೆ, ಅವಳೂ ಎದ್ದಳು. ಮಗಳು ನಮ್ಮಿಬ್ಬರನ್ನೂ ಒಂದು ಸುತ್ತು ನೋಡಿ, "ಅಪ್ಪ ಬರ್ಲಿ" ಎಂದಳು.

ಅವಳ ಅಪ್ಪನಿಗೆ ಕಂಪ್ಯೂಟರ್ ಎಂದರೆ ಬ್ಯಾಂಕಿನಲ್ಲಿ ಇರುವ ವಸ್ತು. ಒಳಗೆ ಹೋದವರು ಸ್ವಲ್ಪ ಹೊತ್ತಿಗೇ ಹೊರಗೆ ಬಂದರು. ಯಾವುದು ತೆಗೆದುಕೊಂಡಳು ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಅಲ್ಲಿ ಕುಂತಾಕಿ ಕೇಳಿದ್ಲು, ಇಕಿ ಹೇಳಿದ್ಲು, ಆಕಿ ಒತ್ತಿದ್ಲು. ಸಮುದ್ರದ ಕಡಿ ಯಾವ್ದೋ ಊರಂತ. ಸಿವಿಲ್ ಅಂತ."

"ಅಷ್ಟ್ ದೂರ?" ಎಂದಳು ನೆಗೆಣ್ಣಿ. "ಭಾವ, ನೀವಾದ್ರೂ ಹೇಳಬಾರದೇನ್ರಿ?"

"ನನ್ನ ಯಾರ್ ಕೇಳಿದ್ರವ್ವ?" ಎಂದರು ಅವರು. "ನೀವಿಬ್ರು ಎರಡು ವರ್ಷ ನನ್ನ ಕೇಳೀರೇನು?"

ಮಗಳು ಅಷ್ಟು ಹೊತ್ತಿಗೆ ಮೆಟ್ಟಿಲಿಳಿದು ರಸ್ತೆಯಲ್ಲಿ ಆಟೊ ಕೈ ಮಾಡುತ್ತಿದ್ದಳು. ನೆಗೆಣ್ಣಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನೀನ ಗೆದ್ದಿ ಅಂತ ತಿಳ್ಕಬ್ಯಾಡ" ಎಂದಳು. ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ನನಗೆ ಏಕವಚನ. "ನಿನಗ ಸಿಗಲಿಲ್ಲಲ್ಲ, ನನಗ ಅಷ್ಟ ಸಾಕು" ಎಂದೆ ನಾನು. ಅದು ನಿಜವಾಗಿತ್ತು. ಎಷ್ಟು ನಿಜ ಎಂದರೆ, ವಾಪಸ್ ಬರುವಾಗ ರೈಲಿನಲ್ಲಿ ನನಗೆ ಚೆನ್ನಾಗಿ ನಿದ್ದೆ ಬಂತು.

ಮಗಳು ಕಾಲೇಜಿಗೆ ಹೋದಳು. ಮೊಬೈಲ್ ಇತ್ತು, ಫೋನ್ ಮಾಡುತ್ತಿದ್ದಳು; ಊಟ ಆಯ್ತಾ, ಮಳೆ ಆಯ್ತಾ, ಅಷ್ಟೇ. ಮೊದಲ ಸೆಮಿಸ್ಟರಿನ ರಜೆಗೆ ಬರುತ್ತೇನೆ, ಇಂಥ ರೈಲು ಎಂದು ಅಪ್ಪನಿಗೆ ಹೇಳಿದಳು. ಚಿಕ್ಕಪ್ಪನಿಗೂ ಅದನ್ನೇ ಹೇಳಿದ್ದಳು. ಹೊಸಪೇಟೆ ಸ್ಟೇಷನ್ನಿನಲ್ಲಿ ನಾನು ಕೈಚೀಲ ಹಿಡಿದು ನಿಂತಿದ್ದೆ. ಹೊರಗೆ ನೆಗೆಣ್ಣಿಯ ಕಾರು ನಿಂತಿತ್ತು, ಅವಳೂ ಪ್ಲಾಟ್‌ಫಾರ್ಮಿಗೆ ಬಂದಳು. ಗೂಡ್ಸ್ ಗಾಡಿಯೊಂದು ಅದಿರು ತುಂಬಿಕೊಂಡು ಪಕ್ಕದ ಹಳಿಯಲ್ಲಿ ನಿಂತಿತ್ತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು.

ರೈಲು ಬಂತು. ಮಗಳು ಇಳಿದಳು. ಮೈಬಣ್ಣ ಕಪ್ಪಾಗಿತ್ತು, ತೋಳು ಗಟ್ಟಿಯಾಗಿದ್ದವು. ನಮ್ಮ ಎದುರಿಗೆ ಬಂದು ಬ್ಯಾಗು ಕೆಳಗಿಟ್ಟಳು.

"ಮೊದ್ಲ ಯಾರ ಮನಿಗೆ ಹೋಗಬೇಕು ಅಂತ ನೀವಿಬ್ರು ಮಾತಾಡ್ಕಂಡು ಹೇಳ್ರಿ," ಎಂದಳು. "ನಾ ಚಾ ಕುಡದು ಬರ್ತೀನಿ." ನಮ್ಮ ಮುಖವನ್ನೂ ನೋಡದೆ ಕ್ಯಾಂಟೀನಿಗೆ ಹೋದಳು.

ನೆಗೆಣ್ಣಿ, "ನೀವ ಕರ್ಕಂಡು ಹೋಗ್ರಿ" ಎಂದಳು. ಬಹುವಚನ ಮತ್ತೆ ಬಂದಿತ್ತು. "ನೀವ ಹಡದಾರು. ನಾ ಬಂಜಿ."

ಆ ಗಳಿಗೆಯಲ್ಲಿ ನಾನು ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಎರಡೂವರೆ ವರ್ಷದಿಂದ ನನಗೆ ಬೇಕಾಗಿದ್ದದ್ದು ಅದೇ. ಆದರೆ ಅವಳು ಬಿಟ್ಟುಕೊಟ್ಟದ್ದನ್ನು ನಾನು ಎತ್ತಿಕೊಳ್ಳಬೇಕಲ್ಲ ಅನಿಸಿತು.

"ಬ್ಯಾಡ," ಎಂದೆ. "ನಿಂದ ಕಾರೈತಿ, ಕಾರ್ಡೈತಿ. ನೀನ ಕರ್ಕಂಡು ಹೋಗು. ನಾ ಕೆಲಸದಾಕಿ, ನಾ ಬಸ್ಸಿಗೆ ಹೋಗ್ತೀನಿ."

"ನಾ ಒಲ್ಲೆ. ಇಟ್ಕಂಡ್ರ ಕೂದ್ಲ ಕತ್ತರಸಿದ್ಲು ಅಂತೀರಿ."

"ನಾನೂ ಒಲ್ಲೆ."

ಪಕ್ಕದಲ್ಲಿ ಯಾರೋ ಬ್ಯಾಗಿನ ಪಟ್ಟಿ ಎಳೆದ ಸದ್ದಾಯಿತು. ಮಗಳು ಚಹಾದ ಲೋಟ ಕೈಯಲ್ಲಿ ಹಿಡಿದೇ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟದಲ್ಲಿ ಉಳಿದದ್ದನ್ನು ಕುಡಿದು ಮುಗಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಆತು," ಎಂದಳು. ಅಷ್ಟೇ.

ಹೊರಗೆ ಹೋಗಿ ಆಟೊ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದಳು. ನಾವು ಕೂಗಲಿಲ್ಲ. ಒಬ್ಬಳು ಕೂಗಿದರೆ ಇನ್ನೊಬ್ಬಳಿಗೆ ಸೋತಂತೆ. ಆ ರಜೆಯನ್ನು ಅವಳು ಕಂಪ್ಲಿಯಲ್ಲಿ ನಾದಿನಿಯ ಮನೆಯಲ್ಲಿ ಕಳೆದಳು. ನಮ್ಮ ಮನೆಯವರು ಬಾಳೆಗೊನೆ ತೆಗೆದುಕೊಂಡು ಎರಡು ಸಲ ಹೋಗಿ ನೋಡಿ ಬಂದರು. ಹೇಗಿದ್ದಾಳೆ ಎಂದು ಕೇಳಿದರೆ, "ಅದಾಳ" ಎಂದರು. ಮುಂದಿನ ರಜೆಗಳಿಗೂ ಅವಳು ಅಲ್ಲಿಗೇ ಬಂದಳು. ನಾದಿನಿಗೆ ಮೂವರು ಗಂಡುಮಕ್ಕಳಿದ್ದರು, ಓದು ಯಾರಿಗೂ ಹತ್ತಿರಲಿಲ್ಲ. ಬರುವ ಹುಡುಗಿಯನ್ನು ಅವಳು ಏನೂ ಕೇಳುತ್ತಿರಲಿಲ್ಲವಂತೆ.